ಐಮೊ ಕುಪರಿನೆನ್ನನ ಬರ್ಚ್ ಸಕ್ಕರೆ

ಮುದುಕ ಕಿವೆಲನನ್ನು ವೃದ್ಧಾಶ್ರಮಕ್ಕೆ ಕರೆದೊಯ್ದ ದಿನ ನಮ್ಮ ಕಟ್ಟಡದಲ್ಲಿ ಯಾರೂ ಅಳಲಿಲ್ಲ. ಬಾಗಿಲಲ್ಲಿ ಸಾಲಾಗಿ ನಿಂತು ಕೈಬೀಸಿದೆವು. ವ್ಯಾನು ತಿರುವು ದಾಟುವ ತನಕ ಮುಖವನ್ನು ಗಂಭೀರವಾಗಿಟ್ಟುಕೊಂಡೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶನಿವಾರ ಸಂಜೆ ಆರು ಗಂಟೆಯ ಸೌನಾ ಸರದಿ ಖಾಲಿಯಾಗಿತ್ತು.

ನಮ್ಮ ಟಾಂಪೆರೆ ಊರಿನಲ್ಲಿ ಮನುಷ್ಯನ ಅಂತಸ್ತನ್ನು ಅಳೆಯುವುದು ಸಂಬಳದಿಂದಲ್ಲ, ಕಾರಿನಿಂದಲೂ ಅಲ್ಲ. ಕಟ್ಟಡದ ನೆಲಮಾಳಿಗೆಯ ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ವಾರಕ್ಕೊಂದು ಸಲ ಅವನ ಮನೆಗೆ ಸಿಗುವ ಆ ಒಂದು ಗಂಟೆ ಯಾವುದು ಎಂಬುದರಿಂದ. ಶನಿವಾರ ಆರು ಎಂದರೆ ಸಿಂಹಾಸನ. ಒಲೆಯ ಕಲ್ಲುಗಳು ಹದವಾಗಿ ಕಾದಿರುತ್ತವೆ. ಒಂದು ಸೌಟು ನೀರೆರಚಿದರೆ ಹಬೆ ಬೆನ್ನನ್ನು ಕಚ್ಚುತ್ತದೆ. ಬೆವರಿಳಿಸಿ ಮೇಲೆ ಬಂದರೆ ಟೀವಿಯಲ್ಲಿ ಐಸ್ ಹಾಕಿ ಪಂದ್ಯ ಕಾದಿರುತ್ತದೆ. ಇಷ್ಟು ಸುಖಪಟ್ಟ ಕಿವೆಲನಿಗಾಗಿ ಅಳಲು ನಮಗೇನು ಹುಚ್ಚೇ?

ಸಿಂಹಾಸನಕ್ಕೆ ಇಬ್ಬರು ಗಂಟುಬಿದ್ದರು.

ಒಬ್ಬ ಮೂರನೇ ಮಹಡಿಯ ಐಮೊ ಕುಪರಿನೆನ್. ಬಸ್ಸುಗಳಲ್ಲಿ ಜನ ಮರೆತುಹೋದ ಕೊಡೆ, ಟೋಪಿ, ಕಟ್ಟಿಸಿದ ಹಲ್ಲುಗಳನ್ನು ಕಾಯುವ ಕಚೇರಿಯಲ್ಲಿ ಅವನ ಕೆಲಸ. ಅವನ ಮನೆಯ ಸರದಿ ಗುರುವಾರ ಮಧ್ಯಾಹ್ನ ಮೂರಕ್ಕೆ, ಅವನು ಯಾರದೋ ಹಲ್ಲಿಗೆ ಚೀಟಿ ಅಂಟಿಸುತ್ತಿರುವ ಹೊತ್ತಿಗೆ. ಹೆಂಡತಿ ಹೆಲ್ವಿ ಒಬ್ಬಳೇ ಹೋಗಿ, ಕೆಂಪಗಾಗಿ ಬಂದು, ಸಂಜೆ ಗಂಡನಿಗೆ ಬಾಗಿಲು ತೆಗೆಯುತ್ತಲೇ "ಇವತ್ತು ಎಂಥಾ ಹಬೆ ಅಂತೀಯ!" ಎನ್ನುತ್ತಿದ್ದಳು. ದಾಂಪತ್ಯವನ್ನು ಹಾಳುಮಾಡಲು ಕುಡಿತವೇ ಬೇಕೆಂದಿಲ್ಲ.

ಇನ್ನೊಬ್ಬ ನಾಲ್ಕನೇ ಮಹಡಿಯ ರೌನೊ ಲಾಕ್ಸೊ, ನಿವೃತ್ತ ಐಸ್ ಹಾಕಿ ರೆಫರಿ. ಕೊರಳಿನಲ್ಲಿ ಈಗಲೂ ಸೀಟಿ ನೇತಾಡುತ್ತಿರುತ್ತದೆ. ಅವನ ಸರದಿ ಶನಿವಾರ ಎರಡು ಗಂಟೆ. ಆಗ ಕಲ್ಲು ಇನ್ನೂ ಅರೆಬಿಸಿ. ಹೆಂಡತಿ ಇಲ್ಲ. ಮಂತೆಲಿ ಎಂಬ ನಾಯಿಯಿದೆ. ಲಾಕ್ಸೊ ಜೀವನದಲ್ಲಿ "ದಯವಿಟ್ಟು" ಎಂದಿರುವುದು ಆ ನಾಯಿಗೆ ಮಾತ್ರ.

ತೀರ್ಮಾನ ಆಗುವುದು ಮೇ ದಿನದ ಮುಂಚಿನ ಶನಿವಾರ. ಅವತ್ತು ಇಡೀ ಕಟ್ಟಡ ಅಂಗಳಕ್ಕಿಳಿದು ಶ್ರಮದಾನ ಮಾಡುತ್ತದೆ: ಹಳೆಯ ಎಲೆ ಬಾಚುವುದು, ಚಳಿಗಾಲದಲ್ಲಿ ಜಾರದಿರಲೆಂದು ಹಾಕಿದ ಜಲ್ಲಿ ಗುಡಿಸುವುದು. ಕೊನೆಗೆ ಕಾಫಿ, ಡೋನಟ್, ಮೇ ದಿನದ ನಿಂಬೆ ಪಾನಕ ಸಿಮಾ. ಅದಾದ ಮೇಲೆ ಅಲ್ಲಿ ನಿಂತಿರುವವರು ಕೈಯೆತ್ತಿ ಮತ ಹಾಕುತ್ತಾರೆ. ಸೊಸೈಟಿಯ ಅಧ್ಯಕ್ಷೆ ಇಂಕೆರಿಗೆ ಎಂಬತ್ತು ದಾಟಿದೆ. ಅಂಚೆ ಕಚೇರಿ ಆಳಿದ ಹೆಂಗಸು. ಅವಳು "ಅಲ್ಲಿ ನಿಂತಿರುವವರು" ಎಂದರೆ ಅಲ್ಲಿ ನಿಂತಿರುವವರು; ಕೂತವರೂ ಲೆಕ್ಕಕ್ಕಿಲ್ಲ.

ಲಾಕ್ಸೊ ಅಂಗಡಿಯ ಡೋನಟ್ ತರುತ್ತಾನೆಂದು ಐಮೊಗೆ ತಿಳಿಯಿತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಐಮೊಗೆ ಉಪಾಯ ಹೊಳೆದಾಗಲೆಲ್ಲ ಹೆಲ್ವಿ ಮೊದಲು ಕಿಟಕಿ ತೆರೆಯುತ್ತಾಳೆ. ಹೊಗೆ ಬರುವುದು ಗ್ಯಾರಂಟಿ.

ಅವನು ಆರೋಗ್ಯ ಮಳಿಗೆಯಿಂದ ಮೂರು ದೊಡ್ಡ ಪೊಟ್ಟಣ ಹೊತ್ತು ತಂದ. ಪೊಟ್ಟಣದ ಮೇಲೆ ಬಿಳಿ ತೊಗಟೆಯ ಬರ್ಚ್ ಮರಗಳು, ಮರಗಳ ನಡುವೆ ಬರಿಗಾಲಿನಲ್ಲಿ ಓಡುವ ಹುಡುಗಿ. "ಬರ್ಚ್ ಸಕ್ಕರೆ. ಅಪ್ಪಟ ನೈಸರ್ಗಿಕ."

"ಇದು ಕ್ಸೈಲಿಟಾಲ್ ಅಲ್ವೇನೋ? ಊಟ ಆದ್ಮೇಲೆ ಹಲ್ಲಿಗೆ ಅಂತ ಚೀಪೋ ಗುಳಿಗೆ?" ಎಂದಳು ಹೆಲ್ವಿ.

"ಗುಳಿಗೆ ಅಂದ್ರೆ ಔಷಧಿ ಆಯ್ತು. ಇದು ಮರ. ಹೆಲ್ವಿ, ಸಕ್ಕರೆ ವಿಷ, ಬರ್ಚ್ ನಮ್ಮ ಮಣ್ಣಿನದು. ಎಲ್ರೂ ತಿಂದು ಬೆರಳು ನೆಕ್ಕುವಾಗ ನಾನು ಎದ್ದು ನಿಂತು ಹೇಳ್ತೀನಿ, 'ನೆರೆಹೊರೆಯವರೇ, ನೀವೀಗ ತಿಂದದ್ದರಲ್ಲಿ ಒಂದೇ ಒಂದು ಹರಳು ಸಕ್ಕರೆ ಇರಲಿಲ್ಲ!' ಅಂತ. ಆಮೇಲೆ ನೋಡು, ಕೈಗಳು ಹೆಂಗೆ ಏಳ್ತವೆ."

ಹೆಲ್ವಿ ಪೊಟ್ಟಣ ತಿರುಗಿಸಿ, ಕನ್ನಡಕ ಹಾಕಿಕೊಂಡಳು. "ಜಾಸ್ತಿ ತಿಂದ್ರೆ ಹೊಟ್ಟೆ ಸಡಿಲ ಆಗುತ್ತೆ ಅಂತ ಬರ್ದಿದಾರೆ."

"ಸಣ್ಣಕ್ಷರದಲ್ಲಿ ತಾನೇ? ಮುಖ್ಯವಾಗಿದ್ರೆ ದೊಡ್ಡಕ್ಷರದಲ್ಲೇ ಹಾಕ್ತಿದ್ರು."

"ನಾಯಿ ಚಿತ್ರ ಬರ್ದು ಅದರ ಮೇಲೆ ಕೆಂಪು ಗೀಟು ಎಳೆದಿದಾರೆ. ನಾಯಿಗೆ ವಿಷ ಅಂತೆ."

"ನಾವೇನು ನಾಯಿಗಳಾ?"

"ಲಾಕ್ಸೊ ಹತ್ರ ಇದೆಯಲ್ಲೋ ಒಂದು."

"ಅದು ಪೊರಕೆ ಕಂಡ್ರೆ ಬೊಗಳುತ್ತೆ ಅಂತ ಶ್ರಮದಾನಕ್ಕೆ ಅವನು ಕರ್ಕೊಂಡೇ ಬರಲ್ಲ. ನಾನು ಎಲ್ಲ ಯೋಚಿಸಿದೀನಿ."

ಎಲ್ಲವನ್ನೂ ಯೋಚಿಸಿದ ಐಮೊ ಒಂದನ್ನು ಮಾತ್ರ ಬಿಟ್ಟಿದ್ದ. ಯೀಸ್ಟು ಸಕ್ಕರೆ ತಿಂದು ಬದುಕುವ ಜೀವಿ. ಬರ್ಚ್ ಸಕ್ಕರೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಡೋನಟ್‌ನ ಹಿಟ್ಟು ರಾತ್ರಿಯಿಡೀ ಒಲೆಯ ಪಕ್ಕ ಮಲಗಿ, ಬೆಳಿಗ್ಗೆ ಮಲಗಿದಷ್ಟೇ ಎತ್ತರದಲ್ಲಿ ಎದ್ದಿತು. ಸಿಮಾದ ಕಥೆ ಇನ್ನೂ ಕೆಟ್ಟದು. ಬಾಟಲಿಗೆ ಒಣದ್ರಾಕ್ಷಿ ಹಾಕುತ್ತೇವೆ. ಹುಳಿಬಂದು ಗುಳ್ಳೆ ಎದ್ದಾಗ ದ್ರಾಕ್ಷಿ ತೇಲಿ ಮೇಲೆ ಬರುತ್ತದೆ, ಆಗ ಸಿಮಾ ಸಿದ್ಧ. ಇದು ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಐಮೊನ ದ್ರಾಕ್ಷಿಗಳು ಬಾಟಲಿಯ ತಳದಲ್ಲಿ ಕಲ್ಲಿನಂತೆ ಕೂತಿದ್ದವು. ಅವನು ವಾರವಿಡೀ ಆಫೀಸಿಗೆ ಹೋಗುವ ಮುನ್ನ ಬಗ್ಗಿ ನೋಡಿದ, ಬಂದ ಮೇಲೂ ಬಗ್ಗಿ ನೋಡಿದ.

"ಇನ್ನೂ ಎದ್ದಿಲ್ವಾ ನಿನ್ನ ದ್ರಾಕ್ಷಿ?" ಎಂದಳು ಹೆಲ್ವಿ.

"ನೈಸರ್ಗಿಕವಾದದ್ದಕ್ಕೆ ಅವಸರ ಇರಲ್ಲ."

ಅವಸರ ಇದ್ದದ್ದು ಐಮೊಗೆ. ಶನಿವಾರ ಬೆಳಿಗ್ಗೆ ಆ ಸಿಹಿನೀರಿಗೆ ಸೋಡಾ ಬೆರೆಸಿ, ದ್ರಾಕ್ಷಿ ಕಾಣದಂತೆ ಉಕ್ಕಿನ ಹೂಜಿಗೆ ಸುರಿದ. ಚಪ್ಪಟೆ ಡೋನಟ್‌ಗಳನ್ನು ಎಣ್ಣೆಯಿಂದ ತೆಗೆದು, ಕುಳ್ಳನಿಗೆ ದಪ್ಪ ಕೋಟು ತೊಡಿಸಿದಂತೆ ಬರ್ಚ್ ಸಕ್ಕರೆಯಲ್ಲಿ ಎರಡೆರಡು ಸಲ ಹೊರಳಿಸಿದ. ವಾರದುದ್ದಕ್ಕೂ ರುಚಿ ನೋಡಿ ನೋಡಿ ಅವನ ಹೊಟ್ಟೆ ಅದಕ್ಕೆ ಒಗ್ಗಿಹೋಗಿತ್ತು. ಮಹಾಪುರುಷರು ಪ್ರಯೋಗವನ್ನು ಮೊದಲು ತಮ್ಮ ಮೇಲೆಯೇ ಮಾಡಿಕೊಂಡು ಹೀಗೆ ಮೋಸಹೋಗುತ್ತಾರೆ.

ಶ್ರಮದಾನ ಚೆನ್ನಾಗಿಯೇ ನಡೆಯಿತು. ಎಲೆ ರಾಶಿಯಾಯಿತು, ಜಲ್ಲಿ ಮೂಲೆ ಸೇರಿತು. ಮೇಜಿನ ಒಂದು ತುದಿಯಲ್ಲಿ ಲಾಕ್ಸೊನ ಅಂಗಡಿ ಡೋನಟ್, ಇನ್ನೊಂದು ತುದಿಯಲ್ಲಿ ಐಮೊನದು. ಮನೆಯಲ್ಲಿ ಕೈಯಾರೆ ಮಾಡಿದ್ದನ್ನು ಬಿಟ್ಟು ಅಂಗಡಿಯದನ್ನು ತಿಂದರೆ ಮಾಡಿದವನ ಮುಖಕ್ಕೆ ಹೊಡೆದಂತೆ. ಎಲ್ಲರೂ ಐಮೊನ ತುದಿಗೇ ಹೋದರು. ಲಾಕ್ಸೊ ಕೂಡ ಹೋದ. ಎದುರಾಳಿಯ ಬಲ ತಿಳಿಯಬೇಕೆಂದು ನಾಲ್ಕು ತಿಂದ. ನಾನು ಮೂರು ತಿಂದೆ. ಸಣ್ಣಕ್ಷರ ಓದಿದ್ದ ಹೆಲ್ವಿ ಬಡಿಸುತ್ತಲೇ ಉಳಿದಳು. ಇಂಕೆರಿ ಬರೀ ಕರಿ ಕಾಫಿ ಕುಡಿದಳು. ಅವಳಿಗೆ ಸಕ್ಕರೆ ಕಾಯಿಲೆ. ಯಾರಿಗೆ ಆ ಡೋನಟ್ ನಿಜವಾಗಿ ಸಲ್ಲಬೇಕಿತ್ತೋ ಅವಳೇ ಮುಟ್ಟಲಿಲ್ಲ.

"ಬಾಯಿ ಯಾಕೋ ತಣ್ಣಗಾಗ್ತಿದೆ ಕಣೋ ಐಮೊ," ಎಂದಳು ಐದನೇ ಮಹಡಿಯ ಹೆಂಗಸು.

"ಕಾಡಿನ ಗಾಳಿ!" ಎಂದ ಐಮೊ.

"ಇದೇನು ಇಷ್ಟು ಚಪ್ಪಟೆ? ಬಸ್ಸಲ್ಲಿ ಯಾರಾದ್ರೂ ಇದರ ಮೇಲೆ ಕೂತಿದ್ರಾ?" ಎಂದ ಲಾಕ್ಸೊ, ನಾಲ್ಕನೆಯದನ್ನು ಅಗಿಯುತ್ತ.

"ಹಳೇ ಕಾಲದ ಡೋನಟ್ ಹಿಂಗೇ ಇರ್ತಿದ್ದಿದ್ದು. ಇನ್ನೊಂದು ಲೋಟ ಸಿಮಾ ಹಾಕ್ಲಾ?"

ಎರಡು ಗಂಟೆಯ ಹೊತ್ತಿಗೆ ಇಂಕೆರಿ ಚಮಚದಿಂದ ಕಪ್ಪು ಬಾರಿಸಿದಳು. "ಕಿವೆಲನ ಸರದಿ ವಿಚಾರ. ಇಬ್ಬರೂ ಎರಡೆರಡು ಮಾತಾಡಿ. ಲಾಕ್ಸೊ, ನೀನು ಮೊದಲು."

ಲಾಕ್ಸೊ ಎದ್ದ. "ನಾನು ಈ ಕಟ್ಟಡಕ್ಕೆ…" ಎಂದ. ನಿಂತ. ಆಕಾಶ ನೋಡಿದ. ಅವನ ಹೊಟ್ಟೆಯೊಳಗಿಂದ ಕರಗುವ ಸರೋವರದ ಮಂಜುಗಡ್ಡೆ ಬಿರಿದಂಥ ಸದ್ದು ಬಂತು. "ಐದು ನಿಮಿಷ ವಿರಾಮ," ಎಂದು ಸೀಟಿ ಊದಿ ಅವನು ಬಾಗಿಲ ಕಡೆ ನಡೆದ. ಮೊದಲು ನಡೆದ, ಆಮೇಲೆ ಓಡಿದ.

ಅದು ಸಾಂಕ್ರಾಮಿಕವಾಯಿತು. ಎರಡನೇ ಮಹಡಿಯವರು ಎದ್ದರು. ಐದನೇ ಮಹಡಿಯವರು ಏಳದೆ, ಎದ್ದರೆ ಏನಾದೀತೆಂಬ ಭಯದಲ್ಲಿ, ಕೂತಲ್ಲೇ ಬೆಂಚಿನ ಮೇಲೆ ಸರಿಯುತ್ತ ಬಾಗಿಲಿನತ್ತ ಸಾಗಿದರು. ನಮ್ಮ ಲಿಫ್ಟಿನಲ್ಲಿ ಮೂವರಿಗೆ ಜಾಗ. ಆರು ಜನ ಹೊಕ್ಕರು. ಬಾಗಿಲು ಮುಚ್ಚಲಿಲ್ಲ. ಯಾರೂ ಇಳಿಯಲೂ ಇಲ್ಲ.

"ಇಳೀರಿ ಯಾರಾದ್ರೂ! ಮೊದಲನೇ ಮಹಡಿಯವರಿಗೆ ಲಿಫ್ಟ್ ಯಾಕೆ?"

"ಮೆಟ್ಟಿಲು ಹತ್ತೋ ಸ್ಥಿತೀಲಿ ಇದೀನೇನೆ ನಾನು?"

ಚಳಿಗಾಲದಲ್ಲಿ ನೀರಿನ ಕೊಳವೆ ಬದಲಾಯಿಸಿದ ಗುತ್ತಿಗೆದಾರ ಅಂಗಳದಲ್ಲಿ ಬಿಟ್ಟುಹೋಗಿದ್ದ ನೀಲಿ ಪ್ಲಾಸ್ಟಿಕ್ ಕಕ್ಕಸಿನ ಬಗ್ಗೆ ಇಷ್ಟು ದಿನ ಎಲ್ಲರೂ ದೂರುತ್ತಿದ್ದರು. ಈಗ ಅದರ ಮುಂದೆ ಸಾಲು ನಿಂತಿತು. ಒಳಗಿದ್ದವನು ಲಾಕ್ಸೊ, ನಾಲ್ಕನೇ ಮಹಡಿ ಅವನಿಗೆ ದಕ್ಕಿರಲಿಲ್ಲ. ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ ಸೀಟಿ ಕೇಳುತ್ತಿತ್ತು.

ನನ್ನ ಮನೆ ನೆಲಮಹಡಿ. ದೇವರು ದೊಡ್ಡವನು. ಮುಂದಿನದನ್ನು ನಾನು ಶೌಚಾಲಯದ ಗಾಳಿಕಿಂಡಿಯಿಂದ ಕೇಳಿಸಿಕೊಂಡೆ.

"ಇಲ್ಲಿ ನಿಂತಿರುವವರು ಮೂವರು," ಎಂದಳು ಇಂಕೆರಿ. "ನಾನು ಅಧ್ಯಕ್ಷೆ, ನನಗೆ ಮತ ಇಲ್ಲ. ಐಮೊ ಪರ?"

ಐಮೊ ಮತ್ತು ಹೆಲ್ವಿ ಕೈಯೆತ್ತಿರಬೇಕು.

"ಲಾಕ್ಸೊ ಪರ?"

ನೀಲಿ ಕಕ್ಕಸಿನಿಂದ ಒಂದು ದೀರ್ಘ ಸೀಟಿ ಬಂತು.

"ಸೀಟಿಗೆ ಕೈ ಇಲ್ಲ," ಎಂದಳು ಇಂಕೆರಿ. "ಶನಿವಾರ ಆರು, ಐಮೊಗೆ."

ತಯಾರಿ ಮಾಡಿಟ್ಟುಕೊಂಡಿದ್ದ ಭಾಷಣವನ್ನು ಐಮೊ ನುಂಗಿಕೊಂಡ. ಅವನ ಬದುಕಿನ ಏಕೈಕ ಬುದ್ಧಿವಂತ ಮೌನ ಅದು. ಅದೇ ಅವನಿಗೆ ಮುಳುವಾಯಿತು.

ಯಾಕೆಂದರೆ ಅಷ್ಟೂ ಹೊಟ್ಟೆಗಳು ಒಟ್ಟಿಗೆ ಕೆಟ್ಟಿದ್ದಕ್ಕೆ ಕಟ್ಟಡಕ್ಕೊಂದು ಕಾರಣ ಬೇಕಿತ್ತು, ಕಾರಣ ಗೋಡೆಯೊಳಗೇ ಇತ್ತು: ಹೊಸ ಕೊಳವೆಗಳು. ನಮಗೆ ಆ ಗುತ್ತಿಗೆದಾರನ ಮೇಲೆ ಮೊದಲಿಂದಲೂ ಅನುಮಾನ. "ನಲ್ಲಿ ನೀರಿಗೆ ಚರಂಡಿ ಸೇರಿದೆ!" ಎಂದು ಐದನೇ ಮಹಡಿಯಿಂದ ಕೂಗು ಎದ್ದಿತು. ಇಂಕೆರಿ ನಗರಸಭೆಯ ತುರ್ತು ನಂಬರಿಗೆ ಫೋನ್ ಮಾಡಿದಳು. ನಾಲ್ಕೂವರೆಗೆ ಹಲ್ಮೆ ಎಂಬ ಆರೋಗ್ಯ ಇನ್‌ಸ್ಪೆಕ್ಟರ್ ಬಂದಳು. ಇನ್ನೂ ಚಿಕ್ಕ ವಯಸ್ಸು, ಮುಖದಲ್ಲಿ ಮಾತ್ರ ನಿವೃತ್ತಿಯ ದಣಿವು. ಎಲ್ಲ ನಲ್ಲಿಗಳಿಂದ ಶೀಶೆಗೆ ನೀರು ಹಿಡಿದಳು. ಹೋಗುವಾಗ ನೆಲಮಾಳಿಗೆಯ ಬಾಗಿಲಿಗೂ ಒಂದು ಕಾಗದ ಅಂಟಿಸಿದಳು.

ಸಂಜೆ ಆರಕ್ಕೆ ಸರಿಯಾಗಿ ಐಮೊ ಮತ್ತು ಹೆಲ್ವಿ ಹೆಗಲಿಗೆ ಟವೆಲ್ ಹಾಕಿಕೊಂಡು, ಕೈಕೈ ಹಿಡಿದು ಇಳಿದು ಬಂದರು. ಬಾಗಿಲ ಮೇಲಿನ ಕಾಗದದಲ್ಲಿ ಬರೆದಿತ್ತು: "ನೀರಿನ ಬಗ್ಗೆ ಸಂಶಯ. ಫಲಿತಾಂಶ ಬರುವ ತನಕ ಸೌನಾ ಬಂದ್."

ಐಮೊ ಅದನ್ನು ಎರಡು ಸಲ ಓದಿದ. ದೊಡ್ಡಕ್ಷರದಲ್ಲೇ ಇತ್ತು.

"ಹೋಗಿ ಹೇಳು, ನೀರು ಚೆನ್ನಾಗಿದೆ, ಕೆಟ್ಟಿರೋದು ನಾನು ಅಂತ," ಎಂದಳು ಹೆಲ್ವಿ.

"ಹೇಳಿದ್ರೆ ಸರದಿ ಹೋಗುತ್ತೆ."

"ಹೇಳದೆ ಇದ್ರೆ ಸೌನಾನೇ ಇಲ್ಲ."

"ಅದೇ ಯೋಚಿಸ್ತಿದೀನಿ."

ಅವನು ಬುಧವಾರದ ತನಕ ಯೋಚಿಸಿದ. ಅಷ್ಟರಲ್ಲಿ ಕಟ್ಟಡವೆಲ್ಲ ಪಕ್ಕದ ಬೀದಿಯಿಂದ ಡಬ್ಬಗಳಲ್ಲಿ ನೀರು ಹೊತ್ತಿತು. ಎಲ್ಲರಿಗಿಂತ ಹೆಚ್ಚು ಹೊತ್ತವನು ಐಮೊ. ಮುದುಕರಿಗೆ ಮೂರು, ನಾಲ್ಕು, ಐದನೇ ಮಹಡಿಗೆ ಏದುಸಿರು ಬಿಡುತ್ತ ಹೊತ್ತ. ಹೊತ್ತು ಬಂದು ಬಾಯಾರಿ, ತನ್ನ ಅಡುಗೆಮನೆಯ ಪರದೆ ಎಳೆದು, ನಲ್ಲಿಗೆ ಬಾಯಿಟ್ಟು ಗಟಗಟ ಕುಡಿದ. "ಐಮೊ ಎಂಥಾ ಮನುಷ್ಯ!" ಎಂದು ಐದನೇ ಮಹಡಿಯ ಹೆಂಗಸು ಕಣ್ಣೊರೆಸಿಕೊಂಡಳಂತೆ. ಅತ್ತ ಗುತ್ತಿಗೆದಾರ ಬಂದು, ತನ್ನ ಕೊಳವೆಯ ಮೇಲೆ ತಾಯಿಯಾಣೆ ಹಾಕಿ, ನಂಬಿಸಲು ಎಲ್ಲರೆದುರು ಎರಡು ಲೋಟ ನಲ್ಲಿ ನೀರು ಕುಡಿದು ತೋರಿಸಿದ. "ಎರಡು ದಿನ ತಡಿ, ಗೊತ್ತಾಗುತ್ತೆ," ಎಂದ ಲಾಕ್ಸೊ.

ಬುಧವಾರ ಸಂಜೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಸಭೆ. ಹಗ್ಗಕ್ಕೆ ನೇತುಹಾಕಿದ ಯಾರದೋ ಕಾಲುಚೀಲಗಳ ಕೆಳಗೆ ನಾವೆಲ್ಲ ಕೂತೆವು. ಗುತ್ತಿಗೆದಾರನೂ ಬಂದಿದ್ದ. ಲಾಕ್ಸೊನ ಕಾಲಬುಡದಲ್ಲಿ ಮಂತೆಲಿ.

"ನೀರು ಸ್ವಚ್ಛ," ಎಂದಳು ಹಲ್ಮೆ. "ನನ್ನ ಮನೆ ನೀರಿಗಿಂತ ಸ್ವಚ್ಛ. ಹಾಗಾದ್ರೆ ಊಟದಲ್ಲೇ ಏನೋ ಇತ್ತು. ಏನೇನು ತಿಂದ್ರಿ?"

ಲಾಕ್ಸೊ ಎದ್ದ. ಕೈಯಲ್ಲಿ ಒಂದು ಡಬ್ಬಿ. "ಪಂದ್ಯದಲ್ಲಿ ಸಂಶಯ ಬಂದ್ರೆ ವಿಡಿಯೊ ಮತ್ತೆ ಹಾಕಿ ನೋಡ್ತೀವಿ. ಅವತ್ತು ಎರಡು ಡೋನಟ್ ಫ್ರೀಜರಿನಲ್ಲಿ ಇಟ್ಟಿದ್ದೆ. ಇವು ಕುಪರಿನೆನ್ನನವು. ಕೊಳೆತ ಮೊಟ್ಟೆ ಹಾಕಿದಾನೆ ಅಂತ ನನ್ನ ಅನುಮಾನ." ಡಬ್ಬಿಯ ಮುಚ್ಚಳ ತೆಗೆದು ಸ್ಟೂಲಿನ ಮೇಲಿಟ್ಟ.

ಐಮೊಗೆ ಉರಿಯಿತು. ಹೊಟ್ಟೆ ಕೆಡಿಸಿದ ಆಪಾದನೆಯನ್ನು ಅವನು ತಾಳಿಕೊಳ್ಳುತ್ತಿದ್ದ, ಕೊಳೆತ ಮೊಟ್ಟೆಯದನ್ನಲ್ಲ. "ನಾಲಿಗೆ ಬಿಗಿಹಿಡಿದು ಮಾತಾಡು ಲಾಕ್ಸೊ! ನನ್ನ ಡೋನಟ್‌ನಲ್ಲಿ ಇರೋದೆಲ್ಲ ಅಪ್ಪಟ ನೈಸರ್ಗಿಕ. ಆರೋಗ್ಯಕ್ಕೆ ಒಳ್ಳೇದು. ಹಸುಗೂಸಿಗೆ ತಿನ್ನಿಸಬಹುದು! ಬಾಣಂತಿಗೆ ತಿನ್ನಿಸಬಹುದು! ಜೀವ ಇರೋ ಯಾವ ಪ್ರಾಣಿಗಾದ್ರೂ…"

ಮಂತೆಲಿ ಸ್ಟೂಲಿನ ಮೇಲೆ ಮುಂಗಾಲಿಟ್ಟು ಒಂದು ಡೋನಟ್ಟನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡಿತು.

ಐಮೊ ಹಾರಿದ್ದನ್ನು ನಾನು ಕಣ್ಣಾರೆ ನೋಡಿದೆ. ಎರಡು ಕುರ್ಚಿ, ಒಬ್ಬ ಗುತ್ತಿಗೆದಾರ, ಅಷ್ಟನ್ನೂ ದಾಟಿ ನಾಯಿಯ ಮೇಲೆ ಬಿದ್ದ. "ಉಗುಳೇ! ಉಗುಳು! ಬಿಡಿಸ್ರೋ ಯಾರಾದ್ರೂ, ನುಂಗಿದ್ರೆ ಸತ್ತೇ ಹೋಗುತ್ತೆ!" ಎಂದು ಕೂಗುತ್ತ ಅದರ ದವಡೆಗೆ ಕೈಹಾಕಿದ. ನಾಯಿ ಕಚ್ಚಿತು. ಅವನು ಬಿಡಲಿಲ್ಲ. ಕೊನೆಗೆ ರಕ್ತ ಸುರಿಯುವ ಕೈಯಲ್ಲಿ ಇಡೀ ಡೋನಟ್ಟನ್ನು ಎತ್ತಿ ಹಿಡಿದು, ಗೆದ್ದವನಂತೆ ನಮ್ಮತ್ತ ತಿರುಗಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಐಮೊ," ಎಂದಳು ಐದನೇ ಮಹಡಿಯ ಹೆಂಗಸು ಮೆಲ್ಲಗೆ, "ನಾನು ಮೂರು ತಿಂದಿದೀನಿ."

ಲಾಕ್ಸೊ ಮಂತೆಲಿಯ ಬಾಯಿ ಬಿಡಿಸಿ ನೋಡಿದ, ಹಲ್ಲು ಒರೆಸಿದ. ಆಮೇಲೆ ತಲೆಯೆತ್ತಿದ. ನಾಯಿ ಸಾಕಿದವರಿಗೆ ಈ ಊರಿನಲ್ಲಿ ಒಂದು ಮಾತು ಬಾಯಿಪಾಠ. "ಕ್ಸೈಲಿಟಾಲ್," ಎಂದ. "ಬಾಯಿ ತಣ್ಣಗಾಗಿದ್ದು ಅದಕ್ಕೇ."

"ಎಷ್ಟು ಹಾಕಿದ್ರಿ?" ಎಂದಳು ಹಲ್ಮೆ.

"ಮೂರು ಪೊಟ್ಟಣ," ಎಂದ ಐಮೊ. "ದೊಡ್ಡದು. ಸಿಮಾಕ್ಕೂ ಸೇರಿ."

"ಕುದುರೆ ತಿಂದಿದ್ರೂ ಲಿಫ್ಟಿಗೆ ಓಡ್ತಿತ್ತು."

"ಆದ್ರೆ ಮೇಡಂ, ಅದು ನೈಸರ್ಗಿಕ! ಗಿಡಮರದಿಂದ ಬಂದದ್ದು ಕೆಟ್ಟದ್ದು ಹೆಂಗಾಗುತ್ತೆ?"

"ಕೆಂಪು ಟೋಪಿಯ ವಿಷದ ಅಣಬೆನೂ ನೈಸರ್ಗಿಕ. ದೋಣಿಗೆ ಬಳಿಯೋ ಟಾರು ಪೈನ್ ಮರದಿಂದಲೇ ಬರೋದು, ಬ್ರೆಡ್ಡಿಗೆ ಹಚ್ಕೋತೀರಾ?" ಎಂದಳು ಹಲ್ಮೆ. "ಹಲ್ಲಿಗೆ ಇದು ಒಳ್ಳೇದೇ, ಅದರಲ್ಲಿ ಸುಳ್ಳಿಲ್ಲ. ಆದ್ರೆ ಹಲ್ಲಿನ ಕೆಳಗೆ ಹೊಟ್ಟೆ ಅಂತಾನೂ ಒಂದಿದೆ."

"ಬರ್ಚ್ ನಮ್ಮ ಮಣ್ಣಿನದು," ಎಂದ ಐಮೊ. ದನಿ ಇಳಿದಿತ್ತು.

ಹೆಲ್ವಿ ಕೈಚೀಲ ತೆರೆದು ಖಾಲಿ ಪೊಟ್ಟಣ ಹೊರತೆಗೆದಳು. ಐಮೊ ಅವಳನ್ನು ನೋಡಿದ. "ಏನು ನೋಡ್ತೀಯ? ಇವತ್ತು ನೀನು ಬಾಯಿ ಬಿಡದೆ ಇದ್ರೆ ನಾನೇ ಬಿಡೋಣ ಅಂತ ತಂದೆ. ಗುರುವಾರ ಮೂರು ಗಂಟೆದಾದ್ರೂ ಉಳೀಲಿ ಅಂತ."

ಹಲ್ಮೆ ಪೊಟ್ಟಣವನ್ನು ದೀಪಕ್ಕೆ ಹಿಡಿದು ತೀರಾ ಸಣ್ಣಕ್ಷರದ ಸಾಲನ್ನು ಗಟ್ಟಿಯಾಗಿ ಓದಿದಳು. "ಕಚ್ಚಾವಸ್ತು: ಮುಸುಕಿನ ಜೋಳದ ದಿಂಡು. ವಿದೇಶದಿಂದ ಆಮದು."

"ಮರ ಎಲ್ಲಿದೆ ಮತ್ತೆ?" ಎಂದ ಐಮೊ.

"ಚಿತ್ರದಲ್ಲಿ," ಎಂದಳು ಹಲ್ಮೆ.

ಅವನಿಗೆ ನಾಯಿ ಕಚ್ಚಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಓಡುವ ಹುಡುಗಿಯನ್ನು ಅವನು ಪೂರ್ತಿಯಾಗಿ ನಂಬಿದ್ದ.

ಇಂಕೆರಿ ಮತ್ತೆ ಮತಕ್ಕೆ ಹಾಕಿದಳು. ಈ ಸಲ ಎಲ್ಲರೂ ನಿಂತಿದ್ದೆವು. ಶನಿವಾರ ಆರು ಲಾಕ್ಸೊಗೆ ಹೋಯಿತು. ಹೆಲ್ವಿಯೂ ಕೈಯೆತ್ತಿದಳು. ಗುತ್ತಿಗೆದಾರನಿಗೆ ಮತವಿರಲಿಲ್ಲ, ಆದರೂ ಎರಡೂ ಕೈ ಎತ್ತಿದ.

ಹೊರಗೆ ಹೋಗುವಾಗ ಲಾಕ್ಸೊ ಐಮೊನ ಪಕ್ಕ ನಿಂತ. ಬಹಳ ಹೊತ್ತು ಸೀಟಿಯ ದಾರ ತಿರುವಿದ. "ನಾಯಿ ಉಳಿಸ್ದೆ," ಎಂದ. "ಬಾಯಿ ಮುಚ್ಕೊಂಡಿದ್ರೆ ನಿನಗೆ ಸರದಿ ಉಳೀತಿತ್ತು. ಶನಿವಾರ ಆರಕ್ಕೆ ಬಾ. ನನ್ನ ಜೊತೆ."

ಐಮೊನ ಕಣ್ಣಲ್ಲಿ ನೀರು ಬಂತು. ನಲ್ಲಿಯದಲ್ಲ.

ಶನಿವಾರ ಆರಕ್ಕೆ ಅವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಮೈಮೇಲೆ ಬೇರೇನೂ ಇಲ್ಲದೆ, ಮೇಲಿನ ಹಲಗೆಯಲ್ಲಿ ಕೂತ. ಲಾಕ್ಸೊ ಕಲ್ಲಿನ ಮೇಲೆ ನೀರೆರಚಿದ. ಹಬೆ ಬುಸ್ಸೆಂದು ಎದ್ದು ಅವನ ಕಿವಿ ಹಿಡಿಯಿತು, ಹೆಗಲು ಹಿಡಿಯಿತು. ಸಿಂಹಾಸನ ಎಂದರೆ ಹೀಗಿರುತ್ತದೆ ಎಂದು ಐಮೊ ಕಣ್ಣು ಮುಚ್ಚಿದ.

"ಬೆನ್ನು ಈ ಕಡೆ ಮಾಡು," ಎಂದ ಲಾಕ್ಸೊ.

ಕಳೆದ ಬೇಸಿಗೆಯಲ್ಲಿ ಕಡಿದು ಫ್ರೀಜರಿನಲ್ಲಿಟ್ಟಿದ್ದ ಎಲೆ ತುಂಬಿದ ಕೊಂಬೆಗಳ ಕಟ್ಟನ್ನು ಅವನು ಬಿಸಿನೀರಿನಿಂದ ಎತ್ತಿದ. ಸೌನಾದಲ್ಲಿ ಬೆನ್ನಿಗೆ ಬಡಿದುಕೊಳ್ಳುವ ಕಟ್ಟು ಅದು. ರಕ್ತ ಓಡುತ್ತದೆ, ಮೈ ಹಗುರಾಗುತ್ತದೆ. ಮೆಲ್ಲಗೆ ಬಡಿಯುವುದು ವಾಡಿಕೆ.

ಛಟೀರ್!

"ಅಯ್ಯೋ! ಏನೋ ಅದು?"

"ಬರ್ಚ್," ಎಂದ ಲಾಕ್ಸೊ. "ಜೋಳದ ದಿಂಡಲ್ಲ. ನಾನೇ ಕಡಿದದ್ದು. ಅಪ್ಪಟ ನೈಸರ್ಗಿಕ."

ಛಟೀರ್!

"ಲಾಕ್ಸೊ, ಸಾಕು ಮಾರಾಯ!"

"ಸಾಕು ಹೆಂಗಾಗುತ್ತೆ? ಆರೋಗ್ಯಕ್ಕೆ ಒಳ್ಳೇದು. ಹಸುಗೂಸಿಗೂ ಕೊಡಬಹುದು." ಇನ್ನೆರಡು ಬಾರಿಸಿ, ಅವನು ಬಾಗಿಲ ಕಡೆ ತಿರುಗಿ ಸೀಟಿ ಊದಿದ. "ಮುಂದಿನವರು!"

ಬಾಗಿಲು ತೆರೆಯಿತು. ಎರಡನೇ ಮಹಡಿಯವನು ಒಳಗೆ ಬಂದ. ಅವನ ಹಿಂದೆ ಐದನೇ ಮಹಡಿಯ ಹೆಂಗಸಿನ ಗಂಡ, ಅವನ ಹಿಂದೆ ನಾನು, ನನ್ನ ಹಿಂದೆ ಮೆಟ್ಟಿಲಿನುದ್ದಕ್ಕೂ ಇಡೀ ಕಟ್ಟಡದ ಗಂಡಸರು. ಎಲ್ಲರ ಹೆಗಲಲ್ಲೂ ಟವೆಲ್, ಎಲ್ಲರ ಕೈಯಲ್ಲೂ ಬರ್ಚಿನ ಒಂದೊಂದು ಕಟ್ಟು. ಸಾಲಿನ ಕೊನೆಯಲ್ಲಿ ಗುತ್ತಿಗೆದಾರನೂ ಇದ್ದ.

ತಿಂದ ಡೋನಟ್ಟಿಗೆ ಒಂದೊಂದು ಏಟೆಂದು ಮೊದಲೇ ಮಾತಾಗಿತ್ತು. ನನ್ನ ಲೆಕ್ಕ ಮೂರು.